ಅಪ್ಪಣೆ, ನಿಷ್ಠೆ, ಆನಂದ: ಆಳಂದ, ಅಫಜಲಪುರ ಹಾಗೂ ಜೇವರ್ಗಿ ಪರಿಸರದ ಭಕ್ತಿಪರಂಪರೆಗಳಲ್ಲಿ ಆಜ್ಞಾಪಾಲನೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳನ್ನು ನೀರು ಒಂದುಗೂಡಿಸಿದೆ. ಆಳಂದದ ನೆಲದಲ್ಲಿ ಹರಿಯುವ ಅಮರ್ಜಾ ಹೊಳೆಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆ ಮುಂದೆ ಜೇವರ್ಗಿಯ ಸೀಮೆಯನ್ನು ಹಾದುಹೋಗುತ್ತದೆ. ಬಹಮನಿ, ಆದಿಲಶಾಹಿ, ಮೊಗಲ, ನಿಜಾಮ ಆಳ್ವಿಕೆಗಳನ್ನು ಒಂದಾದ ಮೇಲೊಂದರಂತೆ ಕಂಡು, 1956ರಲ್ಲಿ ವಿಶಾಲ ಮೈಸೂರು ರಾಜ್ಯವನ್ನು ಸೇರಿದ ಈ ಎರೆಭೂಮಿಯಲ್ಲಿ ‘ಆಜ್ಞೆ’ ಎಂಬ ಮಾತಿಗೆ ಹಲವು ಹೆಸರುಗಳಿವೆ. ಕಚೇರಿಯಿಂದ ಬಂದುದು ಹುಕುಂ, ಅರಮನೆಯಿಂದ ಬಂದುದು ಫರ್ಮಾನು, ಗುರುವಿನಿಂದಲೋ ದೈವದಿಂದಲೋ ಬಂದುದು ಅಪ್ಪಣೆ. ಮೊದಲಿನ ಎರಡಕ್ಕೂ ಜನ ಅಂಜಿಕೆಯಿಂದ ತಲೆಬಾಗಿದರು. ಮೂರನೆಯದಕ್ಕೆ ತಲೆಬಾಗಿದವರು ಅದರಿಂದ ತಮಗೆ ಬಲ ಬಂತೆಂದೂ ಸುಖವಾಯಿತೆಂದೂ ಹೇಳಿಕೊಂಡಿದ್ದಾರೆ. ಈ ಹೇಳಿಕೆಯ ಚಾರಿತ್ರಿಕ ಅರ್ಥವೇನು, ಅದು ಯಾರಿಗೆ ಬಿಡುಗಡೆಯನ್ನು ತಂದಿತು, ಯಾರನ್ನು ಇದ್ದಲ್ಲಿಯೇ ಇರಿಸಿತು ಎಂಬ ಪ್ರಶ್ನೆಗಳು ವಿಚಾರಾರ್ಹವಾಗಿವೆ.

ಈ ವಿಚಾರಕ್ಕೆ ಮುಖ್ಯ ಆಕರ ‘ಗುರುಚರಿತ್ರೆ’. 15ನೆಯ ಶತಮಾನದಲ್ಲಿ ಗಾಣಗಾಪುರದಲ್ಲಿ ನೆಲೆಸಿದ್ದ ನೃಸಿಂಹಸರಸ್ವತಿಯವರ ಮಹಿಮೆಯನ್ನು ಹೇಳುವ ಈ ಗ್ರಂಥ ಮರಾಠಿ ಓವಿಗಳಲ್ಲಿದೆ. ಆದರೆ ಅದರ ಕರ್ತೃ ಸರಸ್ವತಿ ಗಂಗಾಧರನು ತನಗೆ ಮರಾಠಿ ಬಾರದೆಂದು ಗ್ರಂಥಾರಂಭದಲ್ಲಿಯೇ ತಿಳಿಸುತ್ತಾನೆ. ಅವನ ಮೂಲಪುರುಷನಾದ ಸಾಯಂದೇವನು ಕಡಗಂಚಿಯವನು. ಇಂದು ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿರುವ, ಆಳಂದ ತಾಲ್ಲೂಕಿನ ಕಡಗಂಚಿಯೇ ಅದು. ಸಾಯಂದೇವ, ನಾಗನಾಥ, ದೇವರಾವ, ಗಂಗಾಧರ, ಸರಸ್ವತಿ ಎಂಬುದು ಅವರ ವಂಶಕ್ರಮ. 41ನೆಯ ಅಧ್ಯಾಯದಲ್ಲಿ ಸಾಯಂದೇವನು ಗುರುವನ್ನು ಸ್ತುತಿಸುವಾಗ ಮರಾಠಿಯ ನಡುವೆ ಕನ್ನಡ ಪದಗಳು ಬರುತ್ತವೆ. ಮಹಾರಾಷ್ಟ್ರದ ಮನೆಮನೆಗಳಲ್ಲಿ ಪಾರಾಯಣಗೊಳ್ಳುವ ಈ ಗ್ರಂಥವು ಕನ್ನಡ ಮನೆಮಾತಿನ ಕುಟುಂಬವೊಂದರ ನೆನಪಿನಿಂದ ಹುಟ್ಟಿದುದೆಂಬ ಸಂಗತಿ ಕನ್ನಡ ಸಂಶೋಧನೆಯಲ್ಲಿ ಪಡೆಯಬೇಕಾದಷ್ಟು ಗಮನವನ್ನು ಪಡೆದಿಲ್ಲ.

ಆ ಕುಟುಂಬದ ನೆನಪಿನ ತಿರುಳೇ ಅಪ್ಪಣೆಯ ಪಾಲನೆ. 14ನೆಯ ಅಧ್ಯಾಯದ ಪ್ರಸಂಗ ಹೀಗಿದೆ. ಸಾಯಂದೇವನು ಕ್ರೂರಿಯಾದ ಒಬ್ಬ ಯವನ ಅಧಿಕಾರಿಯ ಕೈಕೆಳಗಿದ್ದನು. ಆ ಅಧಿಕಾರಿ ವರ್ಷಕ್ಕೊಬ್ಬ ಬ್ರಾಹ್ಮಣನನ್ನು ಕೊಲ್ಲುವವನು; ಆ ವರ್ಷದ ಕರೆ ಸಾಯಂದೇವನಿಗೆ ಬಂದಿತ್ತು. ಅವನು ತನ್ನ ಸಂಕಟವನ್ನು ಗುರುವಿನ ಮುಂದೆ ತೋಡಿಕೊಂಡಾಗ ಬಂದ ಅಪ್ಪಣೆ, ಅಂಜದೆ ಅವನ ಬಳಿಗೆ ಹೋಗು ಎಂಬುದು. ಓಡಿಹೋಗೆಂದಲ್ಲ, ಅಡಗಿಕೊಳ್ಳೆಂದಲ್ಲ. ಸಾಯಂದೇವ ಹೋದನು. ಅಧಿಕಾರಿಯೇ ಕಳವಳಕ್ಕೊಳಗಾಗಿ, ವಸ್ತ್ರಾಭರಣಗಳನ್ನಿತ್ತು ಅವನನ್ನು ಹಿಂದಕ್ಕೆ ಕಳುಹಿದನು. ಪವಾಡದ ಅಂಶವನ್ನು ಬದಿಗಿರಿಸಿ ನೋಡಿದರೂ ಇಲ್ಲಿ ಎರಡು ಆಜ್ಞೆಗಳು ಎದುರುಬದುರಾಗಿವೆ. ಹುಕುಮಿಗೆ ಅಂಜಿ ಹೋಗಬೇಕಾದ ಜಾಗಕ್ಕೇ ಅಪ್ಪಣೆಯನ್ನು ನಂಬಿ ಹೋಗುವುದು. ಹೋಗುವ ದಾರಿ ಒಂದೇ ಆದರೂ ಹೋಗುವವನು ಬೇರೆಯವನಾಗಿದ್ದಾನೆ. ಸುಲ್ತಾನರ ಕಾಲದಲ್ಲಿ ಕಾರಕೂನಿಕೆಯನ್ನು ನಂಬಿ ಬಾಳಿದ ಬರಹಬಲ್ಲ ಮನೆತನಗಳ ಭಯವನ್ನೂ ಆ ಭಯವನ್ನು ಅವು ನಿಭಾಯಿಸಿದ ರೀತಿಯನ್ನೂ ಈ ಕಥೆ ದಾಖಲಿಸುತ್ತದೆ. ಅದೇ ಗ್ರಂಥದ ಕೊನೆಯ ಭಾಗದಲ್ಲಿ ಬೀದರಿನ ಬಾದಶಹನೇ ಹುಣ್ಣಿನ ಬಾಧೆ ತಾಳಲಾರದೆ ಗಾಣಗಾಪುರಕ್ಕೆ ಬಂದು ಗುರುವಿಗೆ ಶರಣಾಗುವುದರಿಂದ, ಯವನ ಅಧಿಕಾರಿಯ ಚಿತ್ರವನ್ನು ಮತದ್ವೇಷವೆಂದು ಮಾತ್ರ ಓದುವುದು ಸರಿಯಾಗಲಾರದು.

ಅದೇ ಸಾಯಂದೇವನ ಮತ್ತೊಂದು ಪ್ರಸಂಗ ಇನ್ನೂ ಸೂಕ್ಷ್ಮವಾಗಿದೆ. ಸಂಗಮದ ದಂಡೆಯಲ್ಲಿ ರಾತ್ರಿ ಗಾಳಿಮಳೆ ಎದ್ದಿತು. ಚಳಿ ಕಾಯಿಸಲು ಊರಿನಿಂದ ಬೆಂಕಿ ತರಬೇಕೆಂದು ಗುರುವು ಅಪ್ಪಣೆ ಮಾಡಿದನು. ದಾರಿಯಲ್ಲಿ ಎಡಬಲ ನೋಡಬಾರದೆಂದೂ ಹೇಳಿದನು. ಮಿಂಚಿನ ಬೆಳಕಿನಲ್ಲಿ ದಾರಿ ಕಂಡುಕೊಂಡು ಹೋದ ಶಿಷ್ಯನು ಬೆಂಕಿಯೊಡನೆ ಮರಳುವಾಗ, ನೋಡಬಾರದೆಂದದ್ದೇಕೆ ಎಂದು ಎಡಬಲ ನೋಡಿದನು. ಇಕ್ಕೆಲದಲ್ಲಿಯೂ ಸರ್ಪಗಳು ತನ್ನೊಡನೆ ಬರುತ್ತಿದ್ದವು. ನಡುಗುತ್ತ ಓಡಿಬಂದವನಿಗೆ ಗುರುವು, ಅವನ್ನು ಕಾವಲಿಗೆ ಕಳುಹಿದವನು ತಾನೇ ಎಂದು ತಿಳಿಸಿದನು. ಆಜ್ಞೆ ಮೀರಿದುದಕ್ಕೆ ಶಿಕ್ಷೆಯಿಲ್ಲದಿರುವುದು ಗಮನಾರ್ಹ. ಮೀರಿದಾಗಲೂ ಕಾವಲು ತಪ್ಪಲಿಲ್ಲ, ತಪ್ಪಿದುದು ನೆಮ್ಮದಿ ಮಾತ್ರ. ಪಾಲನೆಯು ರಕ್ಷಣೆಯನ್ನು ಕೊಳ್ಳುವ ಬೆಲೆಯಲ್ಲ, ಈಗಾಗಲೇ ಇರುವ ರಕ್ಷಣೆಯಲ್ಲಿ ಭಯವಿಲ್ಲದೆ ನಡೆಯುವ ಬಗೆ ಎಂಬ ತತ್ತ್ವವು ಇಲ್ಲಿ ಕಥೆಯ ರೂಪ ತಳೆದಿದೆ.

ಆದರೆ ಈ ನಾಡಿನ ಒಕ್ಕಲಿಗರ ಮನಸ್ಸಿಗೆ ಹೆಚ್ಚು ಹತ್ತಿರವಾದುದು 47ನೆಯ ಅಧ್ಯಾಯದ ಜೋಳದ ಕಥೆ. ಗಾಣಗಾಪುರದ ಒಬ್ಬ ಶೂದ್ರ ರೈತನು, ಗುರುವು ಸಂಗಮಕ್ಕೆ ಹೋಗಿಬರುವಾಗ ಪ್ರತಿದಿನವೂ ಹೊಲದಿಂದ ಓಡಿಬಂದು ನಮಸ್ಕರಿಸುತ್ತಿದ್ದನು. ಏನು ಬೇಕೆಂದು ಕೇಳಿದಾಗ, ಬೆಳೆಯನ್ನು ನೋಡಿ ಹರಸಬೇಕೆಂದನು. ತಾನು ಮಧ್ಯಾಹ್ನ ಮರಳುವುದರೊಳಗೆ ಪೈರನ್ನೆಲ್ಲ ಕೊಯ್ದುಬಿಡು ಎಂದು ಗುರುವು ಹೇಳಿದನು. ಜೋಳ ಇನ್ನೂ ಬಲಿತಿರಲಿಲ್ಲ. ರೈತನು ಮೊದಲು ಅಧಿಕಾರಿಯ ಬಳಿಗೆ ಹೋಗಿ, ಹಿಂದಿನ ವರ್ಷ ಕೊಟ್ಟುದರ ಇಮ್ಮಡಿ ಕಾಳನ್ನು ಅಳೆದುಕೊಡುವೆನೆಂದು ಒಪ್ಪಿಸಿ, ಕೊಯ್ಯಲು ತೊಡಗಿದನು. ಹೆಂಡತಿ ಮಕ್ಕಳು ಅಡ್ಡಬಂದು ಗೋಳಾಡಿದರು. ದೂರು ಅಧಿಕಾರಿಯವರೆಗೂ ಹೋಯಿತು. ಮರಳಿ ಬಂದ ಗುರುವು, ತಾನು ವಿನೋದಕ್ಕೆ ಅಂದುದನ್ನೇ ಮಾಡಿಬಿಟ್ಟೆಯಾ ಎಂದಾಗ, ಗುರುವಾಕ್ಯವೇ ತನಗೆ ಪ್ರಮಾಣವೆಂದು ರೈತನು ಉತ್ತರಿಸಿದನು. ಕೆಲವು ದಿನಗಳಲ್ಲಿ ಅಕಾಲದ ಮಳೆಗಾಳಿಗೆ ಊರಿನ ಬೆಳೆಯೆಲ್ಲ ನಾಶವಾಯಿತು. ಕೊಯ್ದ ಹೊಲದಲ್ಲಿ ಮಾತ್ರ ಕೂಳೆ ಚಿಗುರಿ, ಒಂದೊಂದು ಬುಡಕ್ಕೂ ಹಲವು ಕವಲೊಡೆದು, ಹಿಂದೆಂದೂ ಕಾಣದ ಬೆಳೆ ಬಂದಿತು.

ಜೋಳವು ಕೂಳೆಯಿಂದ ಮತ್ತೆ ಚಿಗುರುವುದು ಭೀಮಾ ತೀರದ ಯಾವ ರೈತನಿಗೂ ಹೊಸದಲ್ಲ. ಕಥೆಯನ್ನು ಕಟ್ಟಿದವರು ಹೊಲವನ್ನು ಬಲ್ಲವರೆಂಬುದು ಇದರಿಂದ ಸ್ಪಷ್ಟ. ಕಂದಾಯದ ವಿಚಾರವೂ ಇಲ್ಲಿ ಮುಖ್ಯ. ಪೈರು ರೈತನೊಬ್ಬನದಲ್ಲ, ಅದರಲ್ಲಿ ಸರಕಾರದ ಪಾಲಿದೆ. ಆದುದರಿಂದ ಅವನ ಆಜ್ಞಾಪಾಲನೆ ಕುರುಡಲ್ಲ. ಮೊದಲು ಹುಕುಮಿನ ಲೆಕ್ಕ ಚುಕ್ತಾ ಮಾಡುವ ಮಾತುಕೊಟ್ಟು, ನಷ್ಟವನ್ನು ತನ್ನ ತಲೆಯ ಮೇಲೆ ಹೊತ್ತು, ಅನಂತರ ಅಪ್ಪಣೆಯನ್ನು ನಡೆಸುತ್ತಾನೆ. ಅವನ ಬಲವಿರುವುದು ಪವಾಡ ನಡೆದ ದಿನದಲ್ಲಲ್ಲ, ಕುಡುಗೋಲು ಹಿಡಿದ ದಿನದಲ್ಲಿ. ಹೆಂಡತಿಯ ಅಳಲೂ ಕಥೆಯಲ್ಲಿ ಉಳಿದುಕೊಂಡಿರುವುದು ಒಳ್ಳೆಯದೇ ಆಗಿದೆ: ಒಬ್ಬನ ನಂಬಿಕೆಗೆ ಇಡೀ ಮನೆಯ ವರ್ಷದ ಅನ್ನ ಒತ್ತೆಯಾಗುತ್ತದೆಂಬುದನ್ನು ಗ್ರಂಥವು ಮುಚ್ಚಿಡುವುದಿಲ್ಲ.

ಇದೇ ಗ್ರಂಥದ ಇನ್ನೊಂದು ಮುಖವನ್ನು ಮರೆಯುವಂತಿಲ್ಲ. ವೇದಪಾಂಡಿತ್ಯದ ಗರ್ವದಿಂದ ಬಂದ ಇಬ್ಬರು ಬ್ರಾಹ್ಮಣರ ಮುಂದೆ ಗುರುವು ದಾರಿಹೋಕನಾದ ಒಬ್ಬ ಅಂತ್ಯಜನನ್ನು ಕರೆಸಿ ನೆಲದ ಮೇಲೆ ಏಳು ಗೆರೆಗಳನ್ನು ಎಳೆಸುತ್ತಾನೆ. ಒಂದೊಂದು ಗೆರೆಯನ್ನು ದಾಟಿದಂತೆಲ್ಲ ಅವನಿಗೆ ಹಿಂದಿನ ಜನ್ಮಗಳ ನೆನಪು ಮರಳಿ, ಏಳನೆಯದರಲ್ಲಿ ಬ್ರಾಹ್ಮಣನಾಗಿ ವೇದವನ್ನು ನುಡಿಯಬಲ್ಲವನಾಗುತ್ತಾನೆ. ಕಥೆ ಇಲ್ಲಿಗೇ ನಿಂತಿದ್ದರೆ ಅದರ ಅರ್ಥ ಬೇರೆಯಾಗುತ್ತಿತ್ತು. ಆದರೆ ಹೆಂಡತಿ ಮಕ್ಕಳು ಬಂದಾಗ ಮನೆಗೆ ಮರಳೆಂದು ಅವನಿಗೆ ಅಪ್ಪಣೆಯಾಗುತ್ತದೆ. ಅವನು ಒಲ್ಲೆನೆನ್ನುತ್ತಾನೆ. ಆಗ ಅವನ ಮೈಮೇಲಿನ ವಿಭೂತಿಯನ್ನು ನೀರಿನಿಂದ ತೊಳೆಸಲಾಗುತ್ತದೆ. ನೆನಪೆಲ್ಲ ಅಳಿದು, ತಾನಿಲ್ಲಿಗೆ ಬಂದುದೇಕೆಂದು ತಿಳಿಯದೆ ಹೊರಟುಹೋಗುತ್ತಾನೆ. ರೈತನಿಗೆ ಸುಗ್ಗಿ ತಂದ ಅಪ್ಪಣೆಯು ಇವನಿಗೆ ಮರೆವನ್ನು ತಂದಿತು. ವರ್ಣಾಶ್ರಮದ ನಿಯಮಗಳನ್ನೂ ಸ್ತ್ರೀಧರ್ಮವನ್ನೂ ಉದ್ದಕ್ಕೂ ವಿಧಿಸುವ ಗುರುಚರಿತ್ರೆಯಲ್ಲಿ ದೈವದ ಆಜ್ಞೆಯೂ ಸಮಾಜದ ಕಟ್ಟಳೆಯೂ ಬೇರ್ಪಡುವುದಿಲ್ಲ. ಅದರ ಮಿತಿ ಇರುವುದು ಇಲ್ಲಿಯೇ.

ಆಳಂದದ ಲಾಡ್ಲೆ ಮಶಾಯಕ್ ದರ್ಗಾದ ಸೂಫಿ ಪರಂಪರೆಯಲ್ಲಿ ಈ ಪ್ರಶ್ನೆಗೆ ಬೇರೊಂದು ಪರಿಭಾಷೆಯಿದೆ. ಶೇಖ್ ಅಲಾವುದ್ದೀನ್ ಅನ್ಸಾರಿ ಎಂಬುದು ಲಾಡ್ಲೆ ಮಶಾಯಕರ ನಿಜನಾಮ. ಸೂಫಿಗಳಲ್ಲಿ ಮುರೀದನು ಪೀರನ ಕೈಯಲ್ಲಿ ಕೈಯಿಟ್ಟು ಬೈಅತ್ ಮಾಡುವುದು, ಅಂದರೆ ಮಾತಿಗೆ ಬದ್ಧನಾಗುವುದು, ಸಾಧನೆಯ ಮೊದಲ ಹೆಜ್ಜೆ. 1422ರಲ್ಲಿ ಕಲಬುರಗಿಯಲ್ಲಿ ಕಾಲವಾದ ಖ್ವಾಜಾ ಬಂದೇನವಾಜ ಗೇಸುದರಾಜರು ಶರೀಅತ್ತಿನ ಪಾಲನೆಯನ್ನು ತರೀಕತ್ತಿನಿಂದ ಬೇರ್ಪಡಿಸಲು ಒಪ್ಪದವರಾಗಿದ್ದರು. ಆದರೂ ದರ್ಗಾಕ್ಕೆ ನಡೆದುಕೊಳ್ಳುವ ಹಿಂದೂ ಮುಸ್ಲಿಂ ಭಕ್ತರಿಗೆ ಈ ಶಾಸ್ತ್ರಚರ್ಚೆಗಿಂತ ಹರಕೆಯ ಮಾತು ಮುಖ್ಯವಾಗಿ ಉಳಿದಿದೆ. ಕೊಟ್ಟ ಮಾತನ್ನು ತೀರಿಸಿ ಹಗುರಾಗಿ ಮನೆಗೆ ಮರಳುವ ಅನುಭವವು ಗಾಣಗಾಪುರದ ಯಾತ್ರಿಕನಿಗೂ ಆಳಂದದ ಯಾತ್ರಿಕನಿಗೂ ಸಮಾನವಾದುದು.

ಜೇವರ್ಗಿಗೆ ಬಂದರೆ ವಿಷಯವು ತಾತ್ತ್ವಿಕ ಖಚಿತತೆಯನ್ನು ಪಡೆಯುತ್ತದೆ. 17ನೆಯ ಶತಮಾನದ ವಚನಕಾರ ಷಣ್ಮುಖಸ್ವಾಮಿಯ ಕಾಲವನ್ನು ಸಾಮಾನ್ಯವಾಗಿ 1639ರಿಂದ 1711 ಎಂದು ಹೇಳಲಾಗುತ್ತದೆ. ವಿಜಾಪುರದ ಆದಿಲಶಾಹಿಯು 1686ರಲ್ಲಿ ಔರಂಗಜೇಬನ ಕೈಸೇರಿದುದು ಆತನ ಜೀವಿತಾವಧಿಯಲ್ಲಿಯೇ. ನಾಡಿನ ಒಡೆತನ ಬದಲಾಗುತ್ತಿದ್ದ ಆ ಅಸ್ಥಿರ ದಿನಗಳಲ್ಲಿ ಆತನು ಗುರುವಾದ ಅಖಂಡೇಶ್ವರನ ಹೆಸರನ್ನೇ ಅಂಕಿತವಾಗಿಸಿಕೊಂಡು, ಷಟ್‌ಸ್ಥಲಕ್ರಮದಲ್ಲಿ ಏಳುನೂರಕ್ಕೂ ಮಿಕ್ಕ ವಚನಗಳನ್ನು ರಚಿಸಿದನು. ಶಿಷ್ಯನ ಮಾತೆಲ್ಲ ಗುರುವಿನ ಹೆಸರಿನಲ್ಲಿ ಮುಗಿಯುವ ಈ ಕ್ರಮವೇ ಅಪ್ಪಣೆಗೆ ಸಲ್ಲಿಸಿದ ಗೌರವವಾಗಿದೆ.

ವೀರಶೈವ ಶಾಸ್ತ್ರವು ಆರು ಸ್ಥಲಗಳಿಗೆ ಆರು ಬಗೆಯ ಭಕ್ತಿಯನ್ನು ಹೇಳುತ್ತದೆ. ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ, ಪ್ರಾಣಲಿಂಗಿಗೆ ಅನುಭಾವ, ಶರಣನಿಗೆ ಆನಂದ, ಐಕ್ಯನಿಗೆ ಸಮರಸ. ಹಿಡಿದ ವ್ರತವನ್ನು ಬಿಡದ ಛಲ, ಅಂದರೆ ಬಲ, ಎರಡನೆಯ ಮೆಟ್ಟಿಲಿನಲ್ಲಿಯೇ ಬರುತ್ತದೆ. ಆನಂದವು ಬರುವುದು ಐದನೆಯದರಲ್ಲಿ. ನಡುವೆ ಎರಡು ಮೆಟ್ಟಿಲುಗಳಿವೆ: ಬಂದುದೆಲ್ಲವನ್ನೂ ಪ್ರಸಾದವೆಂದು ಎಚ್ಚರದಿಂದ ಕೊಳ್ಳುವುದು, ಹೊರಗಿನ ಲಿಂಗವನ್ನು ಪ್ರಾಣದಲ್ಲಿ ಕಾಣುವುದು. ನಿಯಮವನ್ನು ಪಾಲಿಸಿದ ಕೂಡಲೇ ಸಂತೋಷ ದೊರೆಯುತ್ತದೆಂಬ ಸುಲಭದ ಭರವಸೆ ಇಲ್ಲಿಲ್ಲ. ನಿಷ್ಠೆಯು ಅನುಭಾವವಾಗಿ ಹಣ್ಣಾಗದಿದ್ದರೆ ಅದು ಬರಿಯ ಬಿಗುವಾಗಿ ಉಳಿಯಬಹುದೆಂಬ ಎಚ್ಚರ ಈ ಕ್ರಮದಲ್ಲಿಯೇ ಅಡಗಿದೆ. ಪಂಚಾಚಾರಗಳಲ್ಲಿ ಭೃತ್ಯಾಚಾರವನ್ನು, ಎಂದರೆ ಎಲ್ಲರಿಗಿಂತ ಕಿರಿಯನಾಗಿ ಸೇವಕನಂತೆ ನಡೆಯುವುದನ್ನು, ಸೇರಿಸಿರುವುದೂ ಇದೇ ಎಚ್ಚರದ ಫಲ.

ಹಳೆಯ ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು (1746–1822) ಈ ನಿಷ್ಠೆಯನ್ನು ದಾಸೋಹದ ರೂಪದಲ್ಲಿ ಕಲಬುರಗಿಗೆ ಒಯ್ದರು. ಜೇವರ್ಗಿಯ ಭಾಗವಾಗಿದ್ದು ಈಚೆಗೆ ಯಡ್ರಾಮಿ ತಾಲ್ಲೂಕಿಗೆ ಸೇರಿದ ಕಡಕೋಳದಲ್ಲಿ ಮಾತ್ರ ಅಪ್ಪಣೆಯ ಅರ್ಥವೇ ತಿರುವುಮುರುವಾಯಿತು. ಅಲ್ಲಿ ನೆಲೆಸಿದ ತತ್ವಪದಕಾರ ಮಡಿವಾಳಪ್ಪನವರು ಗುರು ಮಹಾಂತನ ಅಂಕಿತದಲ್ಲಿ ಹಾಡಿದರು. ಅವರ ಶಿಷ್ಯಬಳಗದಲ್ಲಿ ಚೆನ್ನೂರ ಜಲಾಲಸಾಹೇಬರಿದ್ದರು, ಖೈನೂರ ಕೃಷ್ಣಪ್ಪನವರಿದ್ದರು, ತೆಲಗಬಾಳ ರೇವಪ್ಪನವರಿದ್ದರು, ಕಡ್ಲೇವಾಡ ಸಿದ್ಧಪ್ಪನವರಿದ್ದರು. ಮುಸ್ಲಿಮನೂ ಬ್ರಾಹ್ಮಣನೂ ಲಿಂಗವಂತನೂ ಒಬ್ಬನೇ ಗುರುವಿನ ಮಾತಿಗೆ ಕಟ್ಟುಬಿದ್ದುದು ಸಾಧ್ಯವಾದದ್ದು, ತಮ್ಮ ತಮ್ಮ ಜಾತಿಯ ಕಟ್ಟಳೆಗೆ ಅವರು ಕಟ್ಟುಬೀಳದೆ ಹೋದುದರಿಂದ. ಗುರುಚರಿತ್ರೆಯಲ್ಲಿ ಒಂದಾಗಿದ್ದ ಎರಡು ಆಜ್ಞೆಗಳು ಇಲ್ಲಿ ಬೇರೆಯಾದುವು. ಏಳು ಗೆರೆಗಳ ಆಚೆ ನಿಂತವನ ಮೈಮೇಲಿನ ವಿಭೂತಿಯನ್ನು ತೊಳೆಯುವವರು ಕಡಕೋಳದಲ್ಲಿ ಇರಲಿಲ್ಲ.

ಈ ಪದಗಳು ಬಹುಕಾಲ ಉಳಿದುದು ಮುದ್ರಣದಲ್ಲಲ್ಲ, ಏಕತಾರಿ ದಮ್ಮಡಿಗಳ ಭಜನೆಯಲ್ಲಿ. ಇತ್ತೀಚಿನ ವರ್ಷಗಳಲ್ಲಿ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರವು ಹೊರತಂದ ತತ್ವಪದ ಸಂಪುಟಗಳಿಂದಾಗಿ ಅವು ಸಂಶೋಧಕರ ಕೈಗೆ ಸುಲಭವಾಗಿ ಸಿಗುವಂತಾಗಿದೆ. ಆದರೂ ದಿನದ ದುಡಿಮೆ ಮುಗಿಸಿ ಬಂದವರು ಕೂಡಿ ಕುಳಿತು, ಒಬ್ಬರು ಎತ್ತಿದ ಸೊಲ್ಲಿಗೆ ಉಳಿದವರು ದನಿಗೂಡಿಸುವಾಗಿನ ಹಿಗ್ಗು ಪುಟಗಳಲ್ಲಿ ಸಿಗುವಂಥದ್ದಲ್ಲ. ಅತ್ತ ಗಾಣಗಾಪುರದಲ್ಲಿ ಪಾರಾಯಣಕ್ಕೆ ಕುಳಿತವರು ನಿಯಮದಂತೆ ಏಳು ದಿನ ಓದಿ, ಮಧ್ಯಾಹ್ನದಲ್ಲಿ ಮಾಧುಕರಿಗಾಗಿ ಊರಿನ ಮನೆಗಳ ಮುಂದೆ ನಿಲ್ಲುತ್ತಾರೆ. ಗುರುವೂ ಆ ಹೊತ್ತಿನಲ್ಲಿ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆಯಿಂದ, ಬಂದವರು ಯಾರೆಂದು ಕೇಳದೆ ಮನೆಯವರು ಜೋಳಿಗೆಗೆ ನೀಡುತ್ತಾರೆ.