ಲೂಸಿ ಬಿಟ್ಟುಕೊಡದ ರೀಲುಗಳು

ಹೋದ ವರ್ಷ ಒಂದು ರಿಲೀಸ್ ದಿನ, ರಾತ್ರಿ ಹನ್ನೊಂದರ ಹೊತ್ತಿಗೆ, ನಮ್ಮ ಟೀಮಿನ ವಾಟ್ಸಾಪ್ ಗ್ರೂಪಿಗೆ ಯಾರೋ ಒಂದು ಕಪ್ಪು ಬಿಳುಪು ವಿಡಿಯೋ ಹಾಕಿದ್ರು. ಇಬ್ಬರು ಹೆಂಗಸರು ಚಾಕೊಲೇಟ್ ಫ್ಯಾಕ್ಟರಿಯಲ್ಲಿ ಬೆಲ್ಟ್ ಮುಂದೆ ನಿಂತಿದ್ದಾರೆ. ಬರುವ ಒಂದೊಂದೇ ಚಾಕೊಲೇಟನ್ನು ಕಾಗದದಲ್ಲಿ ಸುತ್ತಬೇಕು. ಬೆಲ್ಟ್ ಜೋರಾಗುತ್ತೆ. ಸುತ್ತೋಕಾಗದ್ದನ್ನು ಬಾಯಿಗೆ ತುರುಕ್ತಾರೆ, ಟೋಪಿಗೆ ತುಂಬ್ತಾರೆ, ಅಂಗಿಯೊಳಗೆ ಬಚ್ಚಿಡ್ತಾರೆ. ಮೇಲ್ವಿಚಾರಕಿ ಬಂದು ನೋಡಿದರೆ ಬೆಲ್ಟ್ ಖಾಲಿ. ಭೇಷ್ ಅಂದು, ಇನ್ನೂ ಜೋರಾಗಿ ಓಡಿಸಿ ಅಂತಾಳೆ! ಮ್ಯಾನೇಜರೂ ಆ ಗ್ರೂಪಲ್ಲೇ ಇದ್ದಿದ್ದರಿಂದ ಯಾರೂ ಏನೂ ಬರೀಲಿಲ್ಲ. ಬರೀ ನಗುವ ಮುಖಗಳು.

ಆ ದೃಶ್ಯ 1952ರದ್ದು. ಕೆನ್ನೆ ಉಬ್ಬಿಸ್ಕೊಂಡು ಕಣ್ಣು ಅರಳಿಸೋ ಆಕೆ ಲೂಸಿಲ್ ಬಾಲ್. ನನಗೆ ಮಾತ್ರ ಆ ಮುಖದಲ್ಲಿ ನಮ್ಮತ್ತೆ ಕಂಡಳು. ತಿಪಟೂರು ಕಡೆಯ ನಮ್ಮೂರಲ್ಲಿ ಮದುವೆಮನೆ ಅಡುಗೆ ನಡೆಯೋವಾಗ, ನಮ್ಮಪ್ಪನ ಅಕ್ಕ ತರಕಾರಿ ಹೆಚ್ಚುತ್ತಾ ಬೀಗರನ್ನು, ಪುರೋಹಿತರನ್ನು, ಶಾನುಭೋಗರ ನಡಿಗೆಯನ್ನು ಆಡಿ ತೋರಿಸ್ತಿದ್ಲು. ಈಳಿಗೆಮಣೆ ಬಿಟ್ಟು ಹೊಟ್ಟೆ ಹಿಡ್ಕೊಳ್ಳೋರು ಹೆಂಗಸರು. ಆದರೆ ಜಾತ್ರೆ ನಾಟಕಕ್ಕೆ ಹೆಣ್ಣು ಪಾತ್ರ ಬೇಕಾದಾಗ ಪೇಟೆಯಿಂದ ಕಲಾವಿದೆಯರನ್ನು ದುಡ್ಡು ಕೊಟ್ಟು ಕರೆಸ್ತಿದ್ರು. ಊರಿನ ಹೆಣ್ಣುಮಕ್ಕಳ ಕೆಲಸ ಚಾಪೆ ಹಾಸ್ಕೊಂಡು ನೋಡೋದು. ಅತ್ತೆ ಒಂದ್ಸಲ ಕೇಳಿದ್ಲಂತೆ. ತಾತ ಉತ್ತರ ಕೂಡ ಕೊಡಲಿಲ್ಲವಂತೆ.

ಈ ನೆಪದಲ್ಲಿ ಲೂಸಿಲ್ ಬಾಲ್ ಕಥೆ ಓದುತ್ತಾ ಹೋದೆ.

ಹುಟ್ಟಿದ್ದು 1911ರ ಆಗಸ್ಟ್ 6, ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್ ಎಂಬ ಸಣ್ಣ ಊರಲ್ಲಿ. ಅಪ್ಪ ಟೆಲಿಫೋನ್ ಕಂಪನಿಯ ಲೈನ್‌ಮನ್. ಆಕೆಗೆ ಮೂರು ವರ್ಷವಿದ್ದಾಗ ಟೈಫಾಯ್ಡ್‌ನಿಂದ ತೀರಿಕೊಂಡರು. ಬೆಳೆದದ್ದು ಅಜ್ಜ ಅಜ್ಜಿಯ ಮನೆಯಲ್ಲಿ. ಹದಿಹರೆಯದಲ್ಲಿ ನ್ಯೂಯಾರ್ಕ್ ನಗರದ ನಾಟಕ ಶಾಲೆಗೆ ಸೇರಿದಳು. ಅಲ್ಲಿ ಬೆಟ್ಟಿ ಡೇವಿಸ್ ಮಿಂಚುತ್ತಿದ್ದ ವಿದ್ಯಾರ್ಥಿನಿ. ಈಕೆಗೋ ವಿಪರೀತ ನಾಚಿಕೆ. ಇವಳಿಗೆ ದುಡ್ಡು ಸುರಿಯೋದು ದಂಡ ಅಂತ ಶಾಲೆಯವರು ಅಮ್ಮನಿಗೆ ಹೇಳಿ ಕಳಿಸಿದರು.

ಮಾಡೆಲಿಂಗ್ ಮಾಡಿಕೊಂಡು 1933ರಲ್ಲಿ ಹಾಲಿವುಡ್ ಸೇರಿದಳು. ಆರ್‌ಕೆಓ ಸ್ಟುಡಿಯೋದ ಸಂಬಳದ ನಟಿಯಾಗಿ, ಕೊಟ್ಟ ಪಾತ್ರವನ್ನೆಲ್ಲ ಮಾಡಿದಳು. 'ಸ್ಟೇಜ್ ಡೋರ್'ನಂಥ ಒಳ್ಳೆ ಚಿತ್ರವೂ ಸಿಕ್ಕಿತು. ಆದರೂ ಇಂಡಸ್ಟ್ರಿ ಕೊಟ್ಟ ಬಿರುದು 'ಬಿ ದರ್ಜೆ ಚಿತ್ರಗಳ ರಾಣಿ'. 1940ರಲ್ಲಿ ಸಿನಿಮಾ ಸೆಟ್ಟಿನಲ್ಲಿ ಪರಿಚಯವಾದ ಕ್ಯೂಬಾದ ಹಾಡುಗಾರ ಡೆಸಿ ಅರ್ನಾಜ್‌ನನ್ನು ಅದೇ ವರ್ಷ ಮದುವೆಯಾದಳು. ಅವನು ಊರೂರು ಸುತ್ತೋ ಬ್ಯಾಂಡಿನವ. ಇವಳು ಸ್ಟುಡಿಯೋ ಬಿಟ್ಟು ಕದಲುವಂತಿಲ್ಲ. ಗಂಡ ಹೆಂಡತಿ ಒಟ್ಟಿಗಿದ್ದದ್ದೇ ಅಪರೂಪ.

ಅವಳ ರೇಡಿಯೋ ಹಾಸ್ಯ ಧಾರಾವಾಹಿ ಜನಪ್ರಿಯವಾದಾಗ ಸಿಬಿಎಸ್‌ನವರು ಟಿವಿಗೆ ಕರೆದರು. ಗಂಡನ ಪಾತ್ರಕ್ಕೆ ನನ್ನ ಗಂಡನೇ ಬೇಕು ಅಂದಳು. ಅಮೆರಿಕದ ಹುಡುಗಿಗೆ ಕ್ಯೂಬಾ ಉಚ್ಚಾರಣೆಯ ಗಂಡ ಅಂದರೆ ಜನ ಒಪ್ಪಲ್ಲ ಅನ್ನೋದು ಅವರ ಅನುಮಾನ. ಇಬ್ಬರೂ 1950ರಲ್ಲಿ ಊರೂರಿಗೆ ಹೋಗಿ ಒಟ್ಟಿಗೆ ಸ್ಟೇಜ್ ಶೋ ಕೊಟ್ಟು, ಜನ ನಗ್ತಾರೆ ಅಂತ ತೋರಿಸಿದರು.

ಇಲ್ಲಿಂದ ಮುಂದಿನದು ನಮ್ಮಂಥ ಇಂಜಿನಿಯರುಗಳು ಗಮನಿಸಬೇಕಾದ ಭಾಗ.

ಆಗಿನ ಟಿವಿ ಕಾರ್ಯಕ್ರಮಗಳು ಹೆಚ್ಚಾಗಿ ನ್ಯೂಯಾರ್ಕಿನಿಂದ ನೇರಪ್ರಸಾರ ಆಗ್ತಿದ್ವು. ದೂರದ ಊರುಗಳಿಗೆ ಟಿವಿ ಪರದೆಯ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ತೆಗೆದ ಕಾಪಿ ಹೋಗ್ತಿತ್ತು. ಸ್ಕ್ರೀನ್‌ಶಾಟ್ ಕಳಿಸಪ್ಪ ಅಂದ್ರೆ ಮಾನಿಟರಿನ ಫೋಟೋ ಹೊಡೆದು ಕಳಿಸ್ತಾರಲ್ಲ, ಹಾಗೆ. ಮಸುಕು ಮಸುಕು. ಲೂಸಿ ದಂಪತಿಗೆ ಕ್ಯಾಲಿಫೋರ್ನಿಯಾ ಬಿಡೋಕೆ ಮನಸ್ಸಿಲ್ಲ; ಮಗಳು ಹುಟ್ಟಿದ್ದು 1951ರ ಜುಲೈನಲ್ಲಿ. ಪ್ರಾಯೋಜಕರಾದ ಸಿಗರೇಟು ಕಂಪನಿಗೆ ಪೂರ್ವ ತೀರದ ವೀಕ್ಷಕರಿಗೆ ಮಸುಕು ಚಿತ್ರ ಕೊಡೋಕೆ ಇಷ್ಟವಿಲ್ಲ. ಹಾಗಾದ್ರೆ ಸಿನಿಮಾ ಥರ 35 ಎಂಎಂ ಫಿಲ್ಮಿನಲ್ಲೇ ತೆಗೆಯೋಣ ಅಂತಾಯ್ತು. ಖರ್ಚು ಏರಿತು. ಆ ಹೊರೆಗೆ ದಂಪತಿ ತಮ್ಮ ಸಂಬಳ ಕಡಿಮೆ ಮಾಡಿಕೊಂಡರು. ಬದಲಿಗೆ ಒಂದು ಷರತ್ತು: ಫಿಲ್ಮುಗಳ ಒಡೆತನ ತಮ್ಮ ಕಂಪನಿ 'ಡೆಸಿಲು'ಗೆ ಸೇರಬೇಕು.

ಸಿಬಿಎಸ್ ಒಪ್ಪಿತು. ಒಂದ್ಸಲ ಪ್ರಸಾರ ಆದ ಕಾರ್ಯಕ್ರಮವನ್ನು ಮತ್ತೆ ಯಾರು ನೋಡ್ತಾರೆ?

ಇನ್ನೊಂದು ತೊಡಕು. ಎದುರಿಗೆ ಜನ ಇದ್ದರೇನೇ ಲೂಸಿಯ ಹಾಸ್ಯ ಕಳೆಗಟ್ಟೋದು. ಆದರೆ ಸಿನಿಮಾ ಥರ ಶಾಟ್ ಶಾಟ್ ತೆಗೆದರೆ ಪ್ರೇಕ್ಷಕರು ಎದ್ದು ಹೋಗ್ತಾರೆ. ಅದಕ್ಕೆ ಮೂರು ಕ್ಯಾಮೆರಾ ಒಟ್ಟಿಗೆ ಓಡಿಸಿ, ಸುಮಾರು 300 ಜನರ ಮುಂದೆ ನಾಟಕದ ಹಾಗೆ ಆಡಿಸಿದರು. 'ಮೆಟ್ರೊಪೊಲಿಸ್' ಚಿತ್ರದ ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್, ಕ್ಯಾಮೆರಾಗಳು ಅಡ್ಡಿಯಿಲ್ಲದೆ ಓಡಾಡಲಿ ಅಂತ ದೀಪಗಳನ್ನೆಲ್ಲ ಮೇಲೆ ಕಟ್ಟಿ, ಎಲ್ಲ ಕಡೆಗೂ ಒಂದೇ ಸಮನೆ ಬೆಳಕು ಬೀಳುವಂತೆ ಮಾಡಿದರು. ಹಲವು ಕ್ಯಾಮೆರಾ ಇಡೋ ಯೋಚನೆ ಇವರೇ ಮೊದಲು ಮಾಡಿದ್ದೇನಲ್ಲ. ಆದರೆ ಹಾಸ್ಯ ಧಾರಾವಾಹಿಗೆ ಅದು ಪದ್ಧತಿಯಾಗಿ ನಿಂತದ್ದು ಇಲ್ಲಿಂದ. ನೀವು ಮೂರ್ಮೂರು ಸಲ ನೋಡಿರೋ 'ಫ್ರೆಂಡ್ಸ್' ಕೂಡ ಇದೇ ಮನೆತನದ್ದು.

'ಐ ಲವ್ ಲೂಸಿ' 1951ರ ಅಕ್ಟೋಬರ್ 15ಕ್ಕೆ ಶುರುವಾಯ್ತು. ಮರುವರ್ಷ ಲೂಸಿ ಮತ್ತೆ ಬಸುರಿಯಾದಾಗ ಅದನ್ನು ಮುಚ್ಚಿಡದೆ ಕಥೆಯೊಳಗೇ ತಂದರು. ಬಸುರಿ ಅನ್ನೋ ಪದ ಮಾತ್ರ ಆಡುವ ಹಾಗಿರಲಿಲ್ಲ! ಸ್ಕ್ರಿಪ್ಟನ್ನು ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಪ್ರಾಟೆಸ್ಟಂಟ್ ಪಾದ್ರಿ, ಒಬ್ಬ ಯಹೂದಿ ರಬ್ಬಿ ಓದಿ ಒಪ್ಪಬೇಕಿತ್ತು. 1953ರ ಜನವರಿ 19ರಂದು ಲೂಸಿ ನಿಜಜೀವನದಲ್ಲಿ ಮಗನನ್ನು ಹೆತ್ತಳು. ಅದೇ ರಾತ್ರಿ ಧಾರಾವಾಹಿಯ ಲೂಸಿಯೂ ಹೆತ್ತಳು. ಸುಮಾರು 4.4 ಕೋಟಿ ಜನ ನೋಡಿದರು. ಮರುದಿನ ಅಧ್ಯಕ್ಷ ಐಸೆನ್‌ಹೋವರ್ ಪ್ರಮಾಣವಚನ ನೋಡಿದವರು ಅದಕ್ಕಿಂತ ಕಡಿಮೆ.

ಅದೇ ವರ್ಷ ಎಲ್ಲ ಮುಗಿದೇ ಹೋಗುವ ಹಾಗಿತ್ತು. 1936ರಲ್ಲಿ ಆಕೆ ಕಮ್ಯುನಿಸ್ಟ್ ಪಕ್ಷದ ಮತದಾರಳಾಗಿ ನೋಂದಾಯಿಸಿಕೊಂಡಿದ್ದ ಸಂಗತಿ ಸಂಸತ್ ಸಮಿತಿಯ ಮುಂದೆ ಬಂತು. ಅಂಥ ಆರೋಪದಿಂದ ಎಷ್ಟೋ ಕಲಾವಿದರ ಬದುಕು ಹಾಳಾಗ್ತಿದ್ದ ಕಾಲ. ಸಮಾಜವಾದಿ ಅಜ್ಜನ ಮನಸ್ಸು ನೋಯಿಸಬಾರದು ಅಂತ ಮಾಡಿದ್ದು ಅಂದಳು. ಡೆಸಿ ಪ್ರೇಕ್ಷಕರೆದುರು ನಿಂತು, ಇವಳಲ್ಲಿ ಕೆಂಪಾಗಿರೋದು ಕೂದಲು ಮಾತ್ರ, ಅದೂ ಬಣ್ಣ ಹಚ್ಚಿದ್ದು ಅಂತ ನಗಿಸಿದ. ಜನ ಕೈಬಿಡಲಿಲ್ಲ.

ಆಕೆ ಹೆರಿಗೆಯಿಂದ ಸುಧಾರಿಸಿಕೊಳ್ಳಲಿ ಅಂತ ಹಳೆಯ ಕಂತುಗಳನ್ನೇ ಮತ್ತೆ ಹಾಕಿದರು. ಜನ ಮತ್ತೆ ನೋಡಿದರು! ರೀಲುಗಳ ಬೆಲೆ ಆಗ ಗೊತ್ತಾಯ್ತು. ಮುಂದೆ ಸಿಬಿಎಸ್ ಅವನ್ನೇ ಲಕ್ಷಾಂತರ ಡಾಲರ್ ಕೊಟ್ಟು ಕೊಂಡಿತು. ಆ ಬಲದ ಮೇಲೆ ದಂಪತಿ ಕೊಂಡದ್ದು ಆರ್‌ಕೆಓ ಸ್ಟುಡಿಯೋಗಳನ್ನು. ಒಂದು ಕಾಲಕ್ಕೆ ಲೂಸಿ ಸಂಬಳಕ್ಕಿದ್ದ ಅದೇ ಆರ್‌ಕೆಓ.

ಒಂದು ವಿಚಿತ್ರ ನೋಡಿ. ಧಾರಾವಾಹಿಯ ಲೂಸಿಗೆ ಗಂಡನ ಶೋನಲ್ಲಿ ಒಂದು ಪಾತ್ರ ಬೇಕು. ಗಂಡ ಬೇಡ ಅಂತಾನೆ. ಅವಳು ಏನೋ ಉಪಾಯ ಹೂಡಿ ನಗೆಪಾಟಲಾಗ್ತಾಳೆ. 180 ಕಂತುಗಳಲ್ಲಿ ಮತ್ತೆ ಮತ್ತೆ ಬರೋದು ಇದೇ. ಆ ಬೇಡ ಅನ್ನಿಸಿಕೊಳ್ಳೋ ಪಾತ್ರ ಮಾಡ್ತಿದ್ದವಳು ಕಂಪನಿಯ ಒಡತಿಯರಲ್ಲೊಬ್ಬಳು. ಅದಕ್ಕೇ ನನಗೆ ಈಗ ಆ ಕಂತುಗಳಿಗೆ ಪೂರ್ತಿ ನಗೋಕಾಗಲ್ಲ. ತಾತನ ಮೌನ ನೆನಪಾಗುತ್ತೆ.

ಗಂಡನ ಜೊತೆ ಇರಬೇಕು ಅಂತಲೇ ಶುರು ಮಾಡಿದ ಶೋ ಸಂಸಾರ ಉಳಿಸಲಿಲ್ಲ. 1960ರಲ್ಲಿ ವಿಚ್ಛೇದನ. 1962ರಲ್ಲಿ ಡೆಸಿಯ ಪಾಲನ್ನು ಕೊಂಡು ತಾನೇ ಡೆಸಿಲು ಮುಖ್ಯಸ್ಥೆಯಾದಳು. ದೊಡ್ಡ ಟಿವಿ ಸ್ಟುಡಿಯೋವನ್ನು ಹೆಣ್ಣೊಬ್ಬಳು ನಡೆಸಿದ್ದು ಹಾಲಿವುಡ್ಡಿಗೆ ಹೊಸದು. ಅವಳ ಕಾಲದಲ್ಲೇ 'ಸ್ಟಾರ್ ಟ್ರೆಕ್'ನ ಮೊದಲ ಪೈಲಟ್ ಕಂತನ್ನು ವಾಹಿನಿ ತಿರಸ್ಕರಿಸಿತು. ಖರ್ಚು ನೋಡಿ ಬೆಚ್ಚಿದ ತನ್ನದೇ ಆಡಳಿತ ಮಂಡಳಿಯ ಮಾತು ಮೀರಿ ಅವಳು ಅದರ ಬೆನ್ನಿಗೆ ನಿಂತಳು. 1966ರ ಸೆಪ್ಟೆಂಬರಿನಲ್ಲಿ 'ಸ್ಟಾರ್ ಟ್ರೆಕ್', 'ಮಿಷನ್ ಇಂಪಾಸಿಬಲ್' ಎರಡೂ ಬಂದವು. ಮರುವರ್ಷ 1.7 ಕೋಟಿ ಡಾಲರಿಗೆ ಕಂಪನಿ ಮಾರಿದಳು.

ಆಮೇಲಿನದೆಲ್ಲ ಏರುಗತಿಯಲ್ಲ. 75ನೇ ವಯಸ್ಸಲ್ಲಿ, 1986ರಲ್ಲಿ, 'ಲೈಫ್ ವಿತ್ ಲೂಸಿ' ಅಂತ ಮತ್ತೆ ಬಂದಾಗ ಎರಡೇ ತಿಂಗಳಲ್ಲಿ ನಿಲ್ಲಿಸಿದರು. 1989ರ ಏಪ್ರಿಲ್ 26ರಂದು ತೀರಿಕೊಂಡಳು. ಅಷ್ಟು ಹೊತ್ತಿಗೂ ಹಳೆಯ ಕಂತುಗಳು ಎಲ್ಲೋ ಒಂದು ಊರಲ್ಲಿ ಓಡ್ತಾನೇ ಇದ್ವು.

ಹೋದ ದಸರಾಕ್ಕೆ ಊರಿಗೆ ಹೋದಾಗ ಅತ್ತೆ ಎದುರಿಗೆ ಫೋನ್ ಹಿಡಿದು, "ಶಾನುಭೋಗರ ನಡಿಗೆ ಮಾಡತ್ತೆ" ಅಂದೆ. "ಥೂ ಹೋಗೋ, ಅದರ ಮುಂದೆ ಯಾರು ಮಾಡ್ತಾರೆ" ಅಂತ ಸೆರಗು ಬಾಯಿಗೆ ಅಡ್ಡ ಹಿಡಿದಳು. ವಯಸ್ಸು ಎಪ್ಪತ್ತರ ಹತ್ತಿರ, ಮಂಡಿ ನೋವು ಬೇರೆ. ತಪ್ಪು ನನ್ನದೇ. ಎದುರಿಗೆ ಜನರೇ ಇರಲಿಲ್ಲ.

ಮಾಘದಲ್ಲಿ ತಂಗಿ ಮದುವೆಯಿದೆ. ಹಿಂದಿನ ರಾತ್ರಿ ಹಿತ್ತಲಲ್ಲಿ ಹೆಂಗಸರೆಲ್ಲ ತರಕಾರಿ ಹೆಚ್ಚೋಕೆ ಕೂರ್ತಾರೆ. ಫೋನನ್ನು ಮೊದಲೇ ಕಿಟಕಿ ಮೇಲಿಟ್ಟು, ನಾನೂ ಒಂದು ಚಾಕು ಹಿಡ್ಕೊಂಡು ಕೂರೋಣ ಅಂತಿದೀನಿ. ಆಮೇಲೆ ಅತ್ತೆಗೆ ತೋರಿಸಿ, ಇಟ್ಕೊಳ್ಳಲಾ ಬೇಡವಾ ಅಂತ ಕೇಳಬೇಕು. ಒಡೆತನ ಅವಳದು ತಾನೆ?