ಅಳಿಸಿಹೋಗಬೇಕಾದ ಗೆರೆಯ ಕಥೆ

ಬಟ್ಟೆಯ ಮೇಲೆ ಎಳೆಯುವ ಗೆರೆಯಷ್ಟು ಪಾಪದ ಗೆರೆ ಇನ್ನೊಂದಿಲ್ಲ. ಸೂಜಿ ಬರುವ ತನಕ ಅದು ಕಾಣಬೇಕು, ಹೊಲಿಗೆ ಮುಗಿದ ಮೇಲೆ ಇತ್ತೆಂಬ ಗುರುತೂ ಉಳಿಯಬಾರದು. ಇತಿಹಾಸದ ಪುಸ್ತಕಗಳಲ್ಲಿ ಹತ್ತಿಗೆ ಜಾಗ ಇದೆ, ರೇಷ್ಮೆಗೆ ಇದೆ, ನೀಲಿ ಬಣ್ಣಕ್ಕೂ ಇದೆ. ಈ ಗೆರೆಗೆ ಮಾತ್ರ ಇಲ್ಲ. ಅದಕ್ಕೇ ಇವತ್ತು ಅದರ ಬಗ್ಗೆ ಬರೆಯೋಣ ಅನ್ನಿಸಿತು.

ಕಾರಣವೂ ಉಂಟು. ಮುಂಬಯಿಗೆ ಬಂದು ನಾಲ್ಕು ದಶಕ ದಾಟಿದರೂ ನಮ್ಮ ಮನೆಯಲ್ಲಿ ಅವ್ವ ಹೊಲಿದ ಒಂದು ಕೌದಿ ಉಳಿದಿದೆ. ಹಳೆಯ ಇಳಕಲ್ ಸೀರೆ, ಅಪ್ಪನ ಧೋತರ, ಯಾರದೋ ಅಂಗಿಯ ತುಂಡು, ಎಲ್ಲ ಅದರಲ್ಲಿದೆ. ಒಂದು ಮೂಲೆ ಹರಿದಿದೆ. ಕ್ವಿಲ್ಟಿಂಗ್ ಕಲಿಯುತ್ತಿರುವ ಸೊಸೆ, ಮಂಗಳದಾಸ್ ಮಾರ್ಕೆಟ್ಟಿನಿಂದ ತಂದ ಬಟ್ಟೆ ಮತ್ತು ಬಗೆಬಗೆಯ ಪೆನ್ನುಗಳ ಡಬ್ಬಿ ಹಿಡಿದು, "ಮಾವಾರ, ಇದರ ಮ್ಯಾಲೆ ಯಾವುದರಿಂದ ಗೆರಿ ಹಾಕಲಿ?" ಎಂದು ಕೇಳಿದಳು. ಪ್ರಶ್ನೆ ಸಣ್ಣದು. ಆದರೆ ತಪ್ಪು ಪೆನ್ನು ಹಿಡಿದರೆ ಅವ್ವನ ಕೈಕೆಲಸದ ಮೇಲೆ ಕಲೆ ಶಾಶ್ವತ.

ಮೊದಲು ಇಂಗ್ಲೆಂಡಿಗೆ ಹೋಗೋಣ. ಅದರ ಉತ್ತರ ಭಾಗದ ಗಣಿ ಕಣಿವೆಗಳಲ್ಲಿ, ಡರ್ಹಮ್ ಮತ್ತು ನಾರ್ಥಂಬರ್ಲ್ಯಾಂಡ್ ಕಡೆ, ಹಚ್ಚಡ ಹೊಲಿಯುವುದು ಮನೆಮನೆಯ ಕೆಲಸವಾಗಿತ್ತು. ತಟ್ಟೆ, ಲೋಟ, ರಟ್ಟಿನ ಅಚ್ಚುಗಳನ್ನು ಬಟ್ಟೆಯ ಮೇಲಿಟ್ಟು ಮೊಂಡು ಸೂಜಿಯಿಂದ ಸುತ್ತಲೂ ಗೀರುತ್ತಿದ್ದರು. ಸೂಜಿಯ ಗೀರಿನಿಂದ ಬಟ್ಟೆಯಲ್ಲಿ ಒಂದು ಮಡಿಕೆ ಬೀಳುತ್ತದೆ. ಅದು ಮಾಯುವುದರೊಳಗೆ ಹೊಲಿದುಬಿಡಬೇಕು. ವೇಲ್ಸಿನ ಹೆಂಗಸರು ಸೀಮೆಸುಣ್ಣ ಬಳಸುತ್ತಿದ್ದರು.

19ನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ಒಂದು ಹೊಸ ಕಸುಬೇ ಹುಟ್ಟಿತು. ಆಲೆನ್‌ಹೆಡ್ಸ್ ಎಂಬ ಹಳ್ಳಿಯ ಅಂಗಡಿಕಾರ ಜಾರ್ಜ್ ಗಾರ್ಡಿನರ್ ಎಂಬಾತ ಬಟ್ಟೆಯ ಮೇಲೆ ನೀಲಿ ಪೆನ್ಸಿಲಿನಿಂದ ಹೂ ಬಳ್ಳಿ ಬರೆದು ಕೊಡುತ್ತಿದ್ದ. ಹೊಲಿಯುವುದು ಕೊಂಡವರ ಕೆಲಸ. ಅವನ ಶಿಷ್ಯೆ ಎಲಿಜಬೆತ್ ಸ್ಯಾಂಡರ್ಸನ್ ಅದನ್ನು ಇನ್ನೂ ಬೆಳೆಸಿದಳು, ತಾನೇ ಹುಡುಗಿಯರಿಗೆ ಕಲಿಸಿದಳು. ಅವಳ ನಕ್ಷತ್ರದ ವಿನ್ಯಾಸಕ್ಕೆ ಇವತ್ತಿಗೂ ಅವಳದೇ ಹೆಸರು. ತೊಳೆಯದೆ ಪೆಟ್ಟಿಗೆಯಲ್ಲಿ ಉಳಿದ ಹಚ್ಚಡಗಳ ಮೇಲೆ ಆ ನೀಲಿ ಗೆರೆ ಈಗಲೂ ಕಾಣುತ್ತದೆ. ಬರೆದು ಕೊಡುವವರ ಕಸುಬಿಗೆ ಅದೇ ಸಾಕ್ಷಿ. ಅಳಿಸಬೇಕಾಗಿದ್ದ ಗೆರೆ ಅಳಿಸದೆ ಉಳಿದದ್ದರಿಂದ ಇತಿಹಾಸ ಉಳಿಯಿತು ನೋಡಿ!

ನಮ್ಮ ದೇಶದವರೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಲಖನೌದ ಚಿಕನ್ ಕಸೂತಿಯಲ್ಲಿ ಮರದ ಅಚ್ಚನ್ನು ನೀಲಿಯಲ್ಲಿ ಅದ್ದಿ ಬಟ್ಟೆಗೆ ಒತ್ತುತ್ತಾರೆ. ಕಸೂತಿಯಾದ ಮೇಲೆ ಒಗೆದರೆ ನೀಲಿ ಹೋಗಿ ಬಿಳಿಯ ಮೇಲೆ ಬಿಳಿ ಹೂ ಮಾತ್ರ ಉಳಿಯುತ್ತದೆ. ಜರ್ದೋಜಿಯವರು ಕಾಗದದ ಮೇಲೆ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಹೊಡೆದು, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಮೇಲೆ ಉಜ್ಜುತ್ತಾರೆ. ಕಾಗದ ಎತ್ತಿದರೆ ಕೆಳಗೆ ಚುಕ್ಕೆಗಳ ಸಾಲು.

ನಮ್ಮ ಕನ್ನಡನಾಡಿನ ದಾರಿಯೇ ಬೇರೆ. ಧಾರವಾಡದ ಕಡೆಯ ಕಸೂತಿಯಲ್ಲಿ ಗೆರೆಯೇ ಇಲ್ಲ. ಬಟ್ಟೆಯ ಎಳೆ ಎಣಿಸಿ ಗೋಪುರ, ತೇರು, ಆನೆ ಮೂಡಿಸುತ್ತಾರೆ. 2006ರಲ್ಲಿ ಈ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿಯಲ್ಲೂ ಗೆರೆ ಇಲ್ಲ. ಒಂದು ಮೂಲೆಯಿಂದ ಶುರುಮಾಡಿ ಅಂಚಿನ ಗುಂಟ ಸುತ್ತುತ್ತ ನಡುವಿಗೆ ಬರುತ್ತಾರೆ. ಹಿಂದಿನ ಸುತ್ತಿನ ಹೊಲಿಗೆಯೇ ಮುಂದಿನ ಸುತ್ತಿಗೆ ಗೆರೆ. ನಮ್ಮ ಅವ್ವನೂ ಹಾಗೇ ಕಣ್ಣಳತೆಯಲ್ಲಿ ಹೊಲಿದವಳು.

ಇನ್ನು ಅಂಗಡಿಯ ಸಾಮಾನಿಗೆ ಬರೋಣ. ಟೇಲರ್ ಚಾಕ್ ಅನ್ನುವುದು ಹೆಸರಿಗೆ ಸುಣ್ಣ. ಹಳೆಯ ಕಾಲದಿಂದ ಅದಕ್ಕೆ ಬಳಸಿದ್ದು ಟಾಲ್ಕ್, ನಾವು ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪದ ಕಲ್ಲಿನ ಜಾತಿ. ಬೇಲೂರು ಹಳೇಬೀಡಿನ ಮದನಿಕೆಯರೂ ಅದೇ ಮೆದು ಕಲ್ಲಿನ ಬಳಗದವರು! ಒಳ್ಳೆಯ ಚಾಕಿನ ಗೆರೆ ಕೊಡವಿದರೆ ಹೋಗುತ್ತದೆ. ಮೇಣ ಬೆರೆಸಿದ್ದಾದರೆ ಮಾತ್ರ ಇಸ್ತ್ರಿಯ ಬಿಸಿಗೆ ಕರಗಿ ಎಣ್ಣೆಕಲೆ ಆಗಬಹುದು. ಪೆನ್ಸಿಲು ಸೀಸವಲ್ಲ, ಗ್ರಾಫೈಟ್. ಅದಕ್ಕೆ ಜೇಡಿಮಣ್ಣು ಬೆರೆಸಿ ಸುಡುವ ಉಪಾಯ ಫ್ರಾನ್ಸಿನ ಕೋಂಟೆ 1795ರಲ್ಲಿ ಕಂಡುಹಿಡಿದದ್ದು. ಗ್ರಾಫೈಟ್ ನೀರಿನಲ್ಲಿ ಕರಗುವುದಿಲ್ಲ, ಆದ್ದರಿಂದ ಗೆರೆ ತೆಳ್ಳಗಿರಲಿ.

ನೀರಿಗೆ ಹೋಗುವ ನೀಲಿ ಪೆನ್ನು ಸುಲಭ. ಆದರೆ ಗೆರೆ ಇರುವಾಗ ಇಸ್ತ್ರಿ ಮುಟ್ಟಿಸಬಾರದು, ಸಾಬೂನೂ ಬೇಡ, ಮೊದಲು ತಣ್ಣೀರು. ಬಿಸಿ ತಾಗಿದರೆ ಗೆರೆ ಅಲ್ಲೇ ಕೂರುತ್ತದೆ. ಈಚಿನದು ಜಪಾನಿನ ಪೈಲಟ್ ಕಂಪನಿಯ ಫ್ರಿಕ್ಸನ್ ಪೆನ್ನು. 2006ರಲ್ಲಿ ಯುರೋಪಿಗೆ, ಮರುವರ್ಷ ಜಪಾನಿಗೆ ಬಂತು. ಸುಮಾರು 60 ಡಿಗ್ರಿ ಬಿಸಿಗೆ ಅದರ ಬಣ್ಣ ಕಾಣದಾಗುತ್ತದೆ. ಕಾಣದಾಗುತ್ತದೆ ಅಷ್ಟೇ, ಶಾಯಿ ಅಲ್ಲೇ ಇರುತ್ತದೆ. ಸೊನ್ನೆಗಿಂತ ಹತ್ತಿಪ್ಪತ್ತು ಡಿಗ್ರಿ ಕೆಳಗೆ ಇಳಿದರೆ ಗೆರೆ ವಾಪಸು! ಮುಂಬಯಿಯಲ್ಲಿ ಚಿಂತೆಯಿಲ್ಲ. ಮೊಮ್ಮಗುವಿಗೆಂದು ಕೆನಡಾಕ್ಕೆ ಕಳಿಸುವ ಕೌದಿಯಾದರೆ ಯೋಚಿಸಿ.

ಸೊಸೆಗೆ ನಾನು ಹೇಳಿದ್ದು ಇಷ್ಟು: ಹೊಸ ಬಟ್ಟೆಯಾದರೆ ತುಂಡಿನ ಮೇಲೆ ಪರೀಕ್ಷೆ ಮಾಡಿ ಯಾವ ಪೆನ್ನಾದರೂ ಹಿಡಿ. ಹಳೆಯದನ್ನು ನೆನೆಸಿದರೆ ಇಳಕಲ್ಲಿನ ಕೆಂಪು ಬಿಟ್ಟೀತು, ಬಿಸಿಯನ್ನು ಜೀರ್ಣವಾದ ಎಳೆ ತಡೆಯದು. ನೀರೂ ಬೇಡ, ಬಿಸಿಯೂ ಬೇಡ ಅನ್ನುವ ಜಾಗಕ್ಕೆ ಕೊಡವಿದರೆ ಹೋಗುವ ಚಾಕ್, ಇಲ್ಲವೇ ಅವ್ವನ ಹೊಲಿಗೆಯ ಸಾಲೇ ಗೆರೆ. ಅವಳು ಎರಡನೆಯದನ್ನೇ ಆರಿಸಿಕೊಂಡಳು.

ಗಾರ್ಡಿನರನ ಹೆಸರು ಉಳಿಯಿತು, ಎಲಿಜಬೆತ್ ಹೆಸರು ಉಳಿಯಿತು. ಅವರು ಬರೆದುಕೊಟ್ಟ ಬಟ್ಟೆಯನ್ನು ವಾರಗಟ್ಟಲೆ ಕೂತು ಹೊಲಿದ ಎಷ್ಟೋ ಹೆಂಗಸರ ಹೆಸರು ಉಳಿಯಲಿಲ್ಲ. ಗೆರೆಯೇ ಹಾಕದ ನಮ್ಮ ಕಡೆಯ ಹೆಂಗಸರದ್ದಂತೂ ಕೇಳುವುದೇ ಬೇಡ. ನಿಮ್ಮ ಮನೆಯ ಕಪಾಟಿನಲ್ಲಿ ಅಂಥ ಕೌದಿ ಇದ್ದರೆ, ಹೊಲಿದವರ ಹೆಸರು, ಊರು, ಇಸವಿ ಒಂದು ಬಟ್ಟೆಯ ತುಂಡಿನ ಮೇಲೆ ನೂಲಿನಿಂದ ಹೊಲಿದು ಹಿಂಬದಿಗೆ ಸೇರಿಸಿ. ಅಳಿಸಬಾರದ ಗೆರೆ ಅದೊಂದೇ.