ಮಾಲೀಕ ಸ್ವದೇಶಿ, ಹಣ ವಿದೇಶಿ: ಚಿಲಿಯ ‘ಎಲ್ ಮೆರ್ಕುರಿಯೊ’ ಪತ್ರಿಕೆ ಮತ್ತು ಚುನಾವಣೆ

ಚುನಾವಣೆಯ ಮೇಲೆ ಹೊರದೇಶದ ಪ್ರಭಾವ ಬೀಳದಂತೆ ತಡೆಯಲು ಹಲವು ದೇಶಗಳು ಸುದ್ದಿ ಸಂಸ್ಥೆಗಳಲ್ಲಿ ವಿದೇಶಿ ಬಂಡವಾಳಕ್ಕೆ ಮಿತಿ ಹಾಕಿವೆ. ಭಾರತ 1955ರಲ್ಲಿ ಪತ್ರಿಕೆಗಳ ವಿದೇಶಿ ಒಡೆತನವನ್ನು ಬೇಡವೆಂದು, 2002ರಲ್ಲಿ ಶೇ. 26ರವರೆಗೆ ಒಪ್ಪಿತು, 2019ರಲ್ಲಿ ಡಿಜಿಟಲ್ ಸುದ್ದಿಗೂ ಅದೇ ಮಿತಿ ಬಂತು. ಈ ನಿರ್ಬಂಧ ಬೇಕು, ಆದರೆ ಇದಷ್ಟೇ ಸಾಲದು ಎಂಬುದು ಈ ಲೇಖನದ ವಾದ. ಒಡೆತನ ಪೂರ್ತಿ ಸ್ವದೇಶಿಯಾಗಿದ್ದರೂ ಪತ್ರಿಕೆಯೊಂದು ಪರದೇಶದ ಸರ್ಕಾರದ ಕೈಗೆ ಸಿಗಬಲ್ಲದು ಎಂಬುದಕ್ಕೆ ಚಿಲಿಯಲ್ಲಿ ದಾಖಲೆಸಹಿತ ಪುರಾವೆಯಿದೆ.

ಎಲ್ ಮೆರ್ಕುರಿಯೊ ಚಿಲಿಯ ಹಳೆಯ, ಪ್ರಭಾವಶಾಲಿ ಪತ್ರಿಕೆ. ಅದರ ಒಡೆಯರು ಅಲ್ಲಿಯದೇ ಎಡ್ವರ್ಡ್ಸ್ ಮನೆತನದವರು. ಚಿಲಿಯ ಚುನಾವಣೆಗೆ ವಿದೇಶಿ ಹಣ ಹೊಸದೇನಲ್ಲ: 1964ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅಭ್ಯರ್ಥಿ ಎದ್ವಾರ್ದೊ ಫ್ರೇ ಅವರ ಪ್ರಚಾರವೆಚ್ಚದ ಅರ್ಧಕ್ಕೂ ಹೆಚ್ಚನ್ನು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಭರಿಸಿತ್ತು. 1970ರ ಸೆಪ್ಟೆಂಬರ್ 4ರಂದು ಸಮಾಜವಾದಿ ಸಾಲ್ವದೋರ್ ಅಯೆಂದೆ ಮೊದಲ ಸ್ಥಾನ ಪಡೆದರು. ಕೆಲವೇ ದಿನಗಳಲ್ಲಿ ಪತ್ರಿಕೆಯ ಒಡೆಯ ಅಗುಸ್ತಿನ್ ಎಡ್ವರ್ಡ್ಸ್ ವಾಷಿಂಗ್ಟನ್ನಿನಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ಅವರನ್ನೂ ಸಿಐಎ ಮುಖ್ಯಸ್ಥ ರಿಚರ್ಡ್ ಹೆಲ್ಮ್ಸ್ ಅವರನ್ನೂ ಕಂಡರು. 1971ರ ಸೆಪ್ಟೆಂಬರಿನಲ್ಲಿ 7 ಲಕ್ಷ ಡಾಲರ್, ಮರುವರ್ಷದ ಏಪ್ರಿಲಿನಲ್ಲಿ 9.65 ಲಕ್ಷ ಡಾಲರ್ ಸಿಐಎ ಮೂಲಕ ಪತ್ರಿಕೆಗೆ ಗುಟ್ಟಾಗಿ ಮಂಜೂರಾಯಿತು. ಷೇರು ಕೈ ಬದಲಾಗಲಿಲ್ಲ, ಒಡೆಯನ ಹೆಸರೂ ಬದಲಾಗಲಿಲ್ಲ. ಓದುಗನಿಗೆ ಇದು ತಿಳಿಯುವ ದಾರಿಯೇ ಇರಲಿಲ್ಲ. ಅಮೆರಿಕದ ಸೆನೆಟರ್ ಫ್ರಾಂಕ್ ಚರ್ಚ್ ಅವರ ಸಮಿತಿ 1975ರಲ್ಲಿ ವಿವರ ಬಹಿರಂಗಪಡಿಸುವ ಹೊತ್ತಿಗೆ ಚಿಲಿ ಸೇನಾಡಳಿತದಲ್ಲಿತ್ತು.

ಆ ಹಣವಿಲ್ಲದಿದ್ದರೆ ಪತ್ರಿಕೆ ಮುಚ್ಚಿ, ವಿರೋಧದ ದನಿಯೇ ಅಡಗುತ್ತಿತ್ತು ಎಂಬ ಸಮರ್ಥನೆಯುಂಟು. ಅಯೆಂದೆ ಸರ್ಕಾರದ ಆರ್ಥಿಕ ಒತ್ತಡಕ್ಕೆ ಸಿಕ್ಕಿದ ಪತ್ರಿಕೆಯ ಸಂಕಷ್ಟವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಬಹುಧ್ವನಿಯ ರಕ್ಷಣೆಯೇ ಗುರಿಯಾಗಿದ್ದರೆ ಗುಟ್ಟು ಏಕೆ ಬೇಕಿತ್ತು? ಇನ್ನು ಕೆಲವರು, 1973ರ ಮಾರ್ಚಿನ ಸಂಸತ್ ಚುನಾವಣೆಯಲ್ಲಿ ಈ ಹಣ ಅಯೆಂದೆಯ ಬೆಂಬಲವನ್ನು ಕರಗಿಸಲಿಲ್ಲ, ಹಾಗಾಗಿ ಅದು ನಿಷ್ಫಲ ಎನ್ನುತ್ತಾರೆ. ಮತಗಳ ಎಣಿಕೆಯಿಂದ ಮಾತ್ರ ಅಳೆದರೆ ಹಾಗೆ ಕಾಣುತ್ತದೆ. ಆದರೆ ಅಯೆಂದೆಯನ್ನು ಉರುಳಿಸಿದ ಅದೇ ವರ್ಷದ ಸೆಪ್ಟೆಂಬರ್ 11ರ ಸೇನಾದಂಗೆಗೆ ನೆಲ ಹದಗೊಳಿಸುವಲ್ಲಿ ತಾನು ಪೋಷಿಸಿದ ಪತ್ರಿಕೆಗಳ ಪಾತ್ರ ದೊಡ್ಡದೆಂದು ಸಿಐಎಯೇ ತನ್ನ ಒಳಟಿಪ್ಪಣಿಯಲ್ಲಿ ಬರೆದುಕೊಂಡಿತ್ತು.

ನಮ್ಮ ಪತ್ರಿಕೆಗಳಲ್ಲಿ 1956ರ ನಿಯಮದಂತೆ ವರ್ಷಕ್ಕೊಮ್ಮೆ ಅಚ್ಚಾಗುತ್ತ ಬಂದ ‘ಫಾರಂ 4’ ಹೇಳಿಕೆಯನ್ನು ಇಲ್ಲಿ ನೆನೆಯಬೇಕು. ಒಡೆಯರ, ಶೇ. 1ಕ್ಕಿಂತ ಹೆಚ್ಚು ಬಂಡವಾಳ ಹೊಂದಿದವರ ಹೆಸರು ಅದರಲ್ಲಿರುತ್ತಿತ್ತು. ಸಾಲ ಕೊಟ್ಟವರು, ದೊಡ್ಡ ಜಾಹೀರಾತುದಾರರು ಇರುತ್ತಿರಲಿಲ್ಲ. ಅಂಥ ಹೇಳಿಕೆಯನ್ನು ಎಲ್ ಮೆರ್ಕುರಿಯೊ ಒಂದು ಸುಳ್ಳೂ ಇಲ್ಲದೆ ತುಂಬಬಹುದಿತ್ತು. ಚುನಾವಣೆಗೆ ಮುನ್ನ ಪ್ರತಿ ಸುದ್ದಿ ಸಂಸ್ಥೆಯೂ ತನಗೆ ಸಾಲ ಕೊಟ್ಟವರ, ತನ್ನ ಪ್ರಮುಖ ಆದಾಯಮೂಲಗಳ ವಿವರ ಪ್ರಕಟಿಸುವುದನ್ನು ಶಾಸನ ಕಡ್ಡಾಯ ಮಾಡಲಿ.